ಪೆಟ್ರೋಲ್ ಖಾಲಿಯಾದರೂ ತೂಕ ಏರಿತ್ತು

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ನಾನೂ ಗೆಳೆಯನೂ ನಮ್ಮ ಸ್ನೋಮೊಬೈಲ್‌ಗಳನ್ನು, ಅಂದರೆ ಹಿಮದ ಮೇಲೆ ಓಡಿಸುವ ಗಾಡಿಗಳನ್ನು, ತೂಗಿದೆವು. ಗ್ಯಾರೇಜಿನ ತೊಲೆಗೆ ಚೈನ್ ಪುಲ್ಲಿ, ಅದಕ್ಕೊಂದು ಡಿಜಿಟಲ್ ತಕ್ಕಡಿ. ಊರಲ್ಲಿ ಅಡಿಕೆ ಮೂಟೆ ತೂಗುವ ಹಾಗೇ.

ನಾವಿರುವುದು ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ತುದಿಯ ಹೋಟನ್‌ನಲ್ಲಿ. ಸುಪೀರಿಯರ್ ಸರೋವರದ ಮೇಲೆ ಬೀಸುವ ಚಳಿಗಾಳಿ ತೇವ ಹೊತ್ತು ತಂದು ಇಲ್ಲಿ ಹಿಮ ಸುರಿಸುತ್ತದೆ. 1978-79ರ ಚಳಿಗಾಲದಲ್ಲಿ ಈ ಸೀಮೆಯಲ್ಲಿ 390.4 ಇಂಚು ಬಿದ್ದಿತ್ತು. ಅದನ್ನು ತೋರಿಸುವ ದೊಡ್ಡ ಅಳತೆಗೋಲು ಹೆದ್ದಾರಿ ಪಕ್ಕ ನಿಂತಿದೆ. ಆಗುಂಬೆಯ ಮಳೆ ಲೆಕ್ಕ ಕೇಳುತ್ತಾ ಬೆಳೆದ ನನಗೆ ಆ ಕೋಲು ಕಂಡರೆ ಏನೋ ಪ್ರೀತಿ.

ತೂಗಲು ಕಾರಣವಿತ್ತು. ಹಿಂದಿನ ವಾರ ದಾರಿ ಬಿಟ್ಟು ಮೆತ್ತನೆ ಹಿಮಕ್ಕೆ ಇಳಿದಾಗ ನನ್ನ ಗಾಡಿ ಹೂತುಹೋಯಿತು. ಬ್ರೋಷರ್‌ನಲ್ಲಿ ಅದರ ತೂಕ 212 ಕೆಜಿ. ಇಬ್ಬರು ಸೇರಿ ಹಿಂಬದಿ ಎತ್ತಿ ಪಕ್ಕಕ್ಕಿಡಬಹುದು ಅಂದುಕೊಂಡಿದ್ದೆ. ಅಲ್ಲಾಡಲೇ ಇಲ್ಲ. ಒಂದೂವರೆ ಗಂಟೆ ಸಲಿಕೆಯಲ್ಲಿ ತೋಡಿದೆವು. ಕತ್ತಲಾಗುತ್ತಿತ್ತು. ನಿಜಕ್ಕೂ ಹೆದರಿದ್ದೆ.

ಬ್ರೋಷರ್‌ನಲ್ಲಿದ್ದದ್ದು 'ಡ್ರೈ' ತೂಕ. ಅಂದರೆ ಪೆಟ್ರೋಲ್, ಆಯಿಲ್, ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಏನೂ ಹಾಕದ ತೂಕ. ಪೆಟ್ರೋಲ್ ಲೀಟರಿಗೆ ಸುಮಾರು ಮುಕ್ಕಾಲು ಕೆಜಿ. 36 ಲೀಟರಿನ ಟ್ಯಾಂಕ್ ತುಂಬಿದರೆ ಅದೇ 27 ಕೆಜಿ. ಆಯಿಲ್, ಕೂಲೆಂಟ್, ಸಲಿಕೆ, ಬ್ಯಾಗು ಎಲ್ಲ ಸೇರಿ ನನ್ನದು 251 ತೂಗಿತು. ಗೆಳೆಯನ ಫೋರ್ ಸ್ಟ್ರೋಕ್ ಗಾಡಿ 309. ಒಂದರ ಡ್ರೈ ತೂಕ, ಇನ್ನೊಂದರ ತುಂಬಿದ ತೂಕ ಹಿಡಿದು ವಾದ ಮಾಡುವವರನ್ನು ನೋಡಿದ್ದೇನೆ. ಅದು ಹೋಲಿಕೆಯೇ ಅಲ್ಲ.

ಅವತ್ತು ಮೈನಸ್ 12 ಡಿಗ್ರಿ. ಪಕ್ಕದ ಊರು ಹ್ಯಾನ್‌ಕಾಕ್‌ನಿಂದ ಕ್ಯಾಲ್ಯುಮೆಟ್ ಊರಿನ ಕಡೆ ಹೋಗಿ, ಊಟಕ್ಕೆ ಒಂದು ಗಂಟೆ ನಿಲ್ಲಿಸಿ, ಸಂಜೆ ವಾಪಸ್ ಬಂದೆವು. ನಾನು 20 ಲೀಟರ್ ಸುಟ್ಟಿದ್ದೆ. 15 ಕೆಜಿ ಇಳಿದಿರಬೇಕು, ಅಲ್ವಾ? ತಕ್ಕಡಿ ತೋರಿಸಿದ್ದು 259.

ಅಂದರೆ 23 ಕೆಜಿ ಹಿಮ ಮತ್ತು ಐಸ್ ಹೊತ್ತು ತಂದಿದ್ದೆ. ಅದೇ ದಾರಿಯಲ್ಲಿ ಬಂದ ಗೆಳೆಯನ ಗಾಡಿಗೆ ಅಂಟಿದ್ದು ಹತ್ತೇ ಕೆಜಿ.

ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿದೆ. ಗಾಡಿಯನ್ನು ಮುಂದೆ ತಳ್ಳುವ ರಬ್ಬರ್ ಪಟ್ಟಿಗೆ ಟ್ರ್ಯಾಕ್ ಅಂತಾರೆ, ಅದರ ಮೇಲಿನ ಲೋಹದ ಹೊದಿಕೆಗೆ ಟನಲ್. ಟನಲ್ ಒಳಗೆ ಕೂಲೆಂಟ್ ತಣಿಸುವ ಭಾಗ ಇರುತ್ತದೆ. ಟ್ರ್ಯಾಕ್ ಎರಚುವ ಹಿಮವೇ ಅದನ್ನು ತಣಿಸುವುದು. ಹಾಗಾಗಿ ಹಿಮವನ್ನು ಪೂರ್ತಿ ತಡೆಯುವ ಹಾಗಿಲ್ಲ, ತಡೆದರೆ ಎಂಜಿನ್ ಬಿಸಿಯಾಗುತ್ತದೆ. ಆದರೆ ಕರಗಿದ ನೀರು ಸಸ್ಪೆನ್ಶನ್‌ಗೆ ಇಳಿದು ಅಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಅದಕ್ಕೆ ಹೊಸ ಹಿಮ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಟಿಲ್ಲರ್ ಚಕ್ರಕ್ಕೆ ಗದ್ದೆ ಕೆಸರು ಕಟ್ಟಿಕೊಳ್ಳುವುದಿಲ್ಲವೇ, ಥೇಟ್ ಹಾಗೆ.

ಊಟಕ್ಕೆ ನಿಲ್ಲಿಸಿದಾಗ ನಾನು ಸೀದಾ ಒಳಗೆ ಹೋಗಿದ್ದೆ. ಗೆಳೆಯ ಕಾಲಿಡುವ ರನ್ನಿಂಗ್ ಬೋರ್ಡ್‌ಗಳನ್ನು ಒದ್ದು ಹಿಮ ಬೀಳಿಸಿದ್ದ. ರಬ್ಬರ್ ಸುತ್ತಿಗೆಯಲ್ಲಿ ಸಸ್ಪೆನ್ಶನ್ ತಟ್ಟಿದ್ದ. ಗಾಡಿಯನ್ನು ಎರಡು ಮರದ ತುಂಡಿನ ಮೇಲೆ ನಿಲ್ಲಿಸಿ ಆಮೇಲೆ ಬಂದಿದ್ದ. ಆ ಒಂದು ಗಂಟೆಯಲ್ಲಿ ನನ್ನ ಗಾಡಿಯ ಬಿಸಿ ಟನಲ್ ಹಿಮ ಕರಗಿಸಿ, ನೀರೆಲ್ಲ ಐಸ್ ಆಗಿ ಕೂತಿತ್ತು.

"ಮೆತ್ತಗಿದ್ದಾಗಲೇ ಕೆಡವಬೇಕು ಮಾರಾಯ. ಕಲ್ಲಾದ ಮೇಲೆ ಹೊಡೆದರೆ ಗಾಡಿಗೇ ಪೆಟ್ಟು" ಅಂದ.

ಇನ್ನೊಂದು ತಪ್ಪೂ ನನ್ನಿಂದ ಆಗುತ್ತಿತ್ತು. ಬೆಚ್ಚಗಿನ ಗ್ಯಾರೇಜಲ್ಲಿ ಐಸ್ ಕರಗಿಸಿ, ಒರೆಸದೆ ಒದ್ದೆ ಗಾಡಿಯನ್ನೇ ಹೊರಗೆ ತರುತ್ತಿದ್ದೆ. ಆ ನೀರಿನ ಮೇಲೇ ದಿನದ ಮೊದಲ ಪದರ ಕಟ್ಟುತ್ತಿತ್ತು. ಈಗ ಪೂರ್ತಿ ಒಣಗಿಸುತ್ತೇನೆ. ಟನಲ್‌ಗೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತೇನೆ. ಅದರ ಉಪಕಾರ ಜಾಸ್ತಿ ಹೊತ್ತು ಇರುವುದಿಲ್ಲ, ಆದರೂ ಬಿಡುವುದಿಲ್ಲ. ರನ್ನಿಂಗ್ ಬೋರ್ಡ್‌ಗಳನ್ನು ದೊಡ್ಡ ತೂತಿನವಕ್ಕೆ ಬದಲಾಯಿಸಿದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಇದೇ. ಬೂಟಿನಲ್ಲಿ ಒತ್ತಿದರೆ ಹಿಮ ಕೆಳಗೆ ಉದುರುತ್ತದೆ.

ಮುಂದಿನ ಶನಿವಾರ ಅದೇ ದಾರಿ, ಅಷ್ಟೇ ಪೆಟ್ರೋಲ್. ಸಂಜೆ ತಕ್ಕಡಿಯಲ್ಲಿ 245. ಇನ್ನೂ 9 ಕೆಜಿ ಅಂಟಿಕೊಂಡಿದೆ. ಅದು ಸಸ್ಪೆನ್ಶನ್ ಒಳಗೆ, ಟ್ರ್ಯಾಕ್ ಸುತ್ತುವ ಹಿಂದಿನ ಚಕ್ರಗಳ ನಡುವೆ, ನನ್ನ ಕೈ ಹೋಗದ ಕಡೆ ಇದೆ. ಅಲ್ಲಿಗೆ ತಲುಪುವಂಥ ಉದ್ದದ ಮರದ ಕೋಲೊಂದನ್ನು ಕೆತ್ತುತ್ತಿದ್ದೇನೆ.