ಮಂಜೊಟ್ಟಿಯ ಬದಿಯಲ್ಲಿ ಕಲಿತ ಕಸುಬು

ಕಂಬಳದಲ್ಲಿ ಫೋಟೊ ತೆಗೆಯುವವನು ಎಲ್ಲಿ ನಿಲ್ಲಬೇಕೆಂದು ನನಗೆ ಹೇಳಿಕೊಟ್ಟವರು ಕೋಣ ಓಡಿಸುವವರು. ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ಬಿಡುವಾಗ ಸುತ್ತ ಜನವೋ ಜನ, ಓಟಗಾರನ ಮುಖ ಕಾಣುವುದಿಲ್ಲ. ಓಟ ಮುಗಿಯುವ ಮಂಜೊಟ್ಟಿಯಲ್ಲಿ ಎದುರಿಗೇ ನಿಂತರೆ ಪ್ರಾಣಕ್ಕೆ ಅಪಾಯ. ಮಂಜೊಟ್ಟಿಗಿಂತ ತುಸು ಹಿಂದೆ, ಕೋಣಗಳು ಓಡುವ ಕೆಸರುಗದ್ದೆಯ ಹಾದಿಯಾದ ಕರೆಯ ಬದಿಯಲ್ಲಿ ತಗ್ಗಿ ಕುಳಿತರೆ ಓಟಗಾರ ಉಳಿದ ಬಲವನ್ನೆಲ್ಲ ಸುರಿಯುವ ಜಾಗ ಸಿಗುತ್ತದೆ. ಅಲ್ಲಿ ಅವನ ಬಾಯಿ ತೆರೆದಿರುತ್ತದೆ, ಹಗ್ಗ ಹಿಡಿದ ಕೈಯ ನರ ಉಬ್ಬಿರುತ್ತದೆ, ಕಾಲು ಕೆಸರುನೀರಿಗೆ ತಾಗಿಯೂ ತಾಗದಂತಿರುತ್ತದೆ.

ಓಟಗಾರ ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ ಕನೆಹಲಗೆ ಸ್ಪರ್ಧೆಯ ಲೆಕ್ಕ ಬೇರೆ. ಅಲ್ಲಿ ವೇಗಕ್ಕಿಂತ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದು ಮುಖ್ಯ. ಕೋಲು ಎಂಬ ಅಳತೆಯಲ್ಲಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ನೀರು ಮುಟ್ಟಬೇಕು. ಹಾಗಾಗಿ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿಯುತ್ತೇನೆ: ಕೆಳಗೆ ಕೋಣಗಳ ಮುಖ, ನಡುವೆ ಹಲಗೆಯ ಮೇಲೆ ನಿಂತವನು, ಮೇಲೆ ನಿಶಾನೆ. ಇವುಗಳಲ್ಲಿ ಒಂದು ತಪ್ಪಿದರೂ ಕಂಬಳ ಬಲ್ಲವರು ಆ ಚಿತ್ರವನ್ನು ಒಪ್ಪುವುದಿಲ್ಲ.

ಕಾರ್ಕಳದ ಕಡೆಯವನಾದ ನನಗೆ ಈ ಹುಚ್ಚು ಹಿಡಿದದ್ದು ಹೈಸ್ಕೂಲಿನಲ್ಲಿ, ಮಿಯ್ಯಾರಿನ ಕಂಬಳದಲ್ಲಿ. ಸೋದರಮಾವನಿಗೆ ಒಂದು ಸ್ಟುಡಿಯೋ ಇತ್ತು. ಮದುವೆ ಇಲ್ಲದ ದಿನ ಹಳೆಯ ಕ್ಯಾಮೆರಾ ನನ್ನ ಕೈಗೆ ಬರುತ್ತಿತ್ತು. ರೀಲಿನಲ್ಲಿ 36 ಚಿತ್ರಗಳು, ಅದರ ಮೇಲೆ ತೊಳೆಸುವ ಖರ್ಚು. ಕ್ಲಿಕ್ಕಿಸುವುದಕ್ಕಿಂತ ನೋಡಿದ್ದೇ ಹೆಚ್ಚು. ಯಾವ ಜೋಡಿ ಎಲ್ಲಿ ಕರೆಯ ಅಂಚಿಗೆ ಎಳೆಯುತ್ತದೆ, ಯಾವ ಓಟಗಾರ ಬಾರುಕೋಲು ಎತ್ತುವ ಮುನ್ನ ಹೆಗಲು ಕುಗ್ಗಿಸುತ್ತಾನೆ ಎಂಬುದೆಲ್ಲ ತಲೆಯಲ್ಲಿ ಕೂತಿತು. ರಾತ್ರಿಯ ಓಟಗಳಲ್ಲಿ ದೀಪದ ಬೆಳಕು ಸಾಲದೆ ಶಟರ್ ವೇಗವನ್ನು 1/30ಕ್ಕೆ ಇಳಿಸಿ, ಕೋಣಗಳ ಜೊತೆಗೇ ಕ್ಯಾಮೆರಾ ತಿರುಗಿಸುವುದನ್ನು ಅಭ್ಯಾಸ ಮಾಡಿದೆ. ಹಿನ್ನೆಲೆಯೆಲ್ಲ ಗೆರೆಗಳಾಗಿ, ಕೋಣದ ಕಣ್ಣೊಂದು ಸ್ಪಷ್ಟವಾಗಿ ಮೂಡಿದ ಚಿತ್ರ ನೋಡಿ ಮಾವ, "ಇದನ್ನು ನಾನು ಕಲಿಸಿಲ್ಲವಲ್ಲ" ಎಂದರು. ಆ ದಿನವೇ ಇದು ನನ್ನ ಕಸುಬು ಎಂದು ಮನಸ್ಸು ಗಟ್ಟಿಯಾಯಿತು.

ಆಗ ನನಗೆ ಧೈರ್ಯ ಕೊಟ್ಟದ್ದು ನೀಲ್ ಲೈಫರ್ ಎಂಬ ಅಮೆರಿಕದ ಛಾಯಾಗ್ರಾಹಕನ ಕಥೆ. ನ್ಯೂಯಾರ್ಕಿನ ಈ ಹುಡುಗ ಗಾಲಿಕುರ್ಚಿಯ ಮಾಜಿ ಯೋಧರನ್ನು ತಳ್ಳಿಕೊಂಡು ಯಾಂಕೀ ಕ್ರೀಡಾಂಗಣದೊಳಕ್ಕೆ ಹೋಗುತ್ತಿದ್ದ. 1958ರ ಡಿಸೆಂಬರ್ 28ರಂದು, ತನ್ನ 16ನೇ ಹುಟ್ಟುಹಬ್ಬದ ದಿನ, ಅಮೆರಿಕನ್ ಫುಟ್‌ಬಾಲಿನ ಫೈನಲ್‌ನಲ್ಲಿ ಅಲನ್ ಅಮೀಚೆ ಗೆಲುವಿನ ಗೆರೆ ದಾಟುವುದನ್ನು ಸೆರೆಹಿಡಿದ. ಕೆಳಗೆ ಬಿದ್ದ ಸನ್ನಿ ಲಿಸ್ಟನ್‌ನ ಮೇಲೆ ಮುಹಮ್ಮದ್ ಅಲಿ ಅಬ್ಬರಿಸುತ್ತಿರುವ 1965ರ ಆ ಪ್ರಸಿದ್ಧ ಬಣ್ಣದ ಚಿತ್ರವೂ ಅವನದೇ. ಆಗ ಅವನಿಗೆ 22 ವರ್ಷ. ಆ ಚಿತ್ರದಲ್ಲಿ ಅಲಿಯ ಕಾಲುಗಳ ನಡುವೆ, ರಿಂಗಿನ ಆಚೆ ಬದಿಯಲ್ಲಿ, ಇನ್ನೊಬ್ಬ ಛಾಯಾಗ್ರಾಹಕ ಹರ್ಬ್ ಶಾರ್ಫ್‌ಮನ್ ಕಾಣುತ್ತಾನೆ. ಅವನಿಗೆ ಸಿಕ್ಕಿದ್ದು ಅಲಿಯ ಬೆನ್ನು. ಲೈಫರ್‌ಗೆ ಸರಿಯಾದ ಬದಿ ಸಿಕ್ಕಿದ್ದು ಅದೃಷ್ಟವೇ ಇರಬಹುದು. ಆ ಗಳಿಗೆಗೆ ಕಣ್ಣು, ಬೆರಳು ಎರಡೂ ಸಿದ್ಧವಾಗಿದ್ದುದು ಹದಿಹರೆಯದಿಂದ ಮೈದಾನದಲ್ಲಿ ಕಳೆದ ದಿನಗಳ ಫಲ.

ನನ್ನ ದುಡಿಮೆ ಅಷ್ಟು ಬೇಗ ಕೈಗೂಡಲಿಲ್ಲ. ವರ್ಷಗಟ್ಟಲೆ ಮದುವೆಗಳೇ ಅನ್ನ ಹಾಕಿದವು, ಪತ್ರಿಕೆಗಳು ಚಿತ್ರಕ್ಕಿಷ್ಟು ಎಂದು ಕೊಟ್ಟವು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಬೆಂಗಳೂರಿನಲ್ಲಿ ಕೆಲಸ ಹೆಚ್ಚಿತು. ದುಬಾರಿ ಲೆನ್ಸನ್ನು ಬಾಡಿಗೆಗೆ ತಂದೆ. ಕಬಡ್ಡಿಯಲ್ಲೂ ನೆರವಾದದ್ದು ಊರಿನ ಕಣ್ಣೇ: ರೈಡರ್ ಹಿಡಿತಕ್ಕೆ ಸಿಕ್ಕೊಡನೆ ಎಲ್ಲರೂ ರಾಶಿಬಿದ್ದ ಮೈಗಳನ್ನು ತೆಗೆಯುತ್ತಾರೆ, ನಾನು ನಡುಗೆರೆಯತ್ತ ಚಾಚಿದ ಬೆರಳುಗಳನ್ನು ಕಾಯುತ್ತೇನೆ. ವಿರಾಮದಲ್ಲಿ ಚಿತ್ರ ಆರಿಸಿ, ಅಡಿಬರಹ ಬರೆದು, ಪಂದ್ಯ ಮುಗಿಯುವುದರೊಳಗೆ ಕಳುಹಿಸಬೇಕು. ಹೊಸಬರು ಹಗುರವಾಗಿ ಕಾಣುವುದು ಈ ಅಡಿಬರಹವನ್ನೇ. ನನ್ನನ್ನು ಮತ್ತೆ ಮತ್ತೆ ಕರೆಯುವುದಕ್ಕೆ ಕಾರಣವೂ ಅದೇ. ಹೆಸರು ತಪ್ಪಿದ ಚಿತ್ರ ಪತ್ರಿಕೆಗೆ ಹೊರೆ.

ಹೆಸರಿನ ವಿಷಯದಲ್ಲಿ ನನಗೊಂದು ಹಟವಿದೆ. ಕಂಬಳದ ಚಿತ್ರಗಳ ಕೆಳಗೆ ಕೋಣಗಳ ಯಜಮಾನರ ಹೆಸರು ಬರುತ್ತದೆ, ಬರಲಿ. ಆದರೆ ಎಷ್ಟೋ ಬಾರಿ ಓಡಿದವನ ಹೆಸರು ಇರುವುದೇ ಇಲ್ಲ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ಓಟಗಾರನೊಬ್ಬನ ಹೆಸರು ಜಗತ್ತಿನ ಬಾಯಿಗೆ ಬಂತು. ಉಳಿದವರೂ ಅದೇ ಕೆಸರಿನಲ್ಲಿ, ಅದೇ ಬಿಸಿಲಿನಲ್ಲಿ ಓಡುತ್ತಾರೆ. ಓಟ ಶುರುವಾಗುವ ಮುನ್ನ ಗಂತಿಗೆ ಹೋಗಿ ಒಬ್ಬೊಬ್ಬರ ಹೆಸರನ್ನೂ ಊರನ್ನೂ ಬರೆದುಕೊಳ್ಳುತ್ತೇನೆ. ಓಟಗಾರನ ಹೆಸರು ತೆಗೆಯುವುದಾದರೆ ಚಿತ್ರವನ್ನೂ ಬಳಸಬೇಡಿ ಎಂದು ಪತ್ರಿಕೆಗಳಿಗೆ ಮೊದಲೇ ತಿಳಿಸುತ್ತೇನೆ. ಇದುವರೆಗೆ ಯಾರೂ ಚಿತ್ರ ಬೇಡವೆಂದಿಲ್ಲ.