ರೇ ಟ್ರೇಸರ್ ಕೆಲಸ: ಕಂಪೈಲರೇ ಕ್ರ್ಯಾಶ್ ಆದ ವಾರ

ನನ್ನ ರೇ ಟ್ರೇಸರ್ ಅಂದರೆ ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರ ಬಿಡಿಸುವ ಪ್ರೋಗ್ರಾಂ. ಈ ವಾರ ಅದರ ನೆರಳಿನ ಭಾಗ ಮುಗಿಸಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಶನಿವಾರ ವೆಕ್ಟರ್ ಕ್ಲಾಸನ್ನು ಟೆಂಪ್ಲೇಟ್ (ಬೇರೆ ಬೇರೆ ಟೈಪುಗಳಿಗೆ ಹೊಂದುವ ಮಾದರಿ ಕೋಡ್) ಮಾಡಿ, ಅದರೊಳಗೆ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೆದು ಬಿಲ್ಡ್ ಕೊಟ್ಟೆ. 'ಇಂಟರ್ನಲ್ ಕಂಪೈಲರ್ ಎರರ್: ಸೆಗ್ಮೆಂಟೇಶನ್ ಫಾಲ್ಟ್' ಅಂತ ಬಂತು. ಅಂದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರೇ ಮಧ್ಯದಲ್ಲಿ ಬಿದ್ದುಹೋಗಿತ್ತು. ಪೂರ್ತಿ ಬಗ್ ರಿಪೋರ್ಟ್ ಕಳಿಸಿ ಅಂತಲೂ ಕೆಳಗೆ ಇತ್ತು.

ಇದನ್ನು ನೋಡಿದ ತಕ್ಷಣ ತುಂಬಾ ಜನ ತಮ್ಮ ಕೋಡೇ ಸರಿಯಿಲ್ಲ ಅಂದುಕೊಂಡು, ಆ ಸಾಲನ್ನು ಬೇರೆ ಥರ ಬರೆದು ಸುಮ್ನೆ ಮುಂದೆ ಹೋಗಿಬಿಡುತ್ತಾರೆ. ಕೋಡ್ ತಪ್ಪೇ ಇರಲಿ, ತಪ್ಪು ಎಲ್ಲಿದೆ ಅಂತ ಕಂಪೈಲರ್ ಹೇಳಬೇಕು, ತಾನೇ ಬೀಳಬಾರದು ಅಲ್ವಾ? ಜಿಸಿಸಿ ಅನ್ನುವ ಕಂಪೈಲರಿನ ಕೈಪಿಡಿಯಲ್ಲೂ ಇದನ್ನೇ ಹೇಳಿದ್ದಾರೆ: ಯಾವ ಇನ್‌ಪುಟ್ ಕೊಟ್ಟಾಗ ಕ್ರ್ಯಾಶ್ ಆದರೂ ಅದು ಕಂಪೈಲರಿನ ಬಗ್.

ಮೊದಲು ಮೆಷಿನ್ ಮೇಲಿನ ಅನುಮಾನ ಕಳೆದುಕೊಂಡೆ. ಅದೇ ಫೈಲ್, ಅದೇ ಆಯ್ಕೆಗಳು, 5 ಸಲ ಓಡಿಸಿದೆ. ಪ್ರತಿ ಸಲವೂ ಅದೇ ಸಾಲಿನಲ್ಲಿ ಬಿತ್ತು. ಒಂದೊಂದು ಸಲ ಒಂದೊಂದು ಕಡೆ ಬಿದ್ದಿದ್ದರೆ ರ‍್ಯಾಮ್ ಪರೀಕ್ಷೆ ಮಾಡಬೇಕಿತ್ತು. ಮೆಸೇಜಿನಲ್ಲಿ 'ಕಿಲ್ಡ್' ಅಂತ ಇದ್ದರೆ ಬಹುಪಾಲು ಮೆಮೊರಿ ಸಾಲದೆ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಕಂಪೈಲರನ್ನು ನಿಲ್ಲಿಸಿರುತ್ತದೆ, ಆಗ ಒಟ್ಟಿಗೆ ನಡೆಯುವ ಬಿಲ್ಡ್‌ಗಳನ್ನು ಕಡಿಮೆ ಮಾಡಿದರೆ ಸಾಕು. ನನ್ನದು ಎರಡೂ ಅಲ್ಲ. ಆಪ್ಟಿಮೈಸೇಶನ್ (ಕೋಡನ್ನು ಚುರುಕು ಮಾಡುವ ಕೆಲಸ) ಪೂರ್ತಿ ತೆಗೆದರೂ ಬಿತ್ತು.

ಆಮೇಲೆ 'ಸೇವ್-ಟೆಂಪ್ಸ್' ಆಯ್ಕೆ ಕೊಟ್ಟು ಪ್ರಿಪ್ರೋಸೆಸ್ ಆದ ಫೈಲ್, ಅಂದರೆ ಹೊರಗಿನಿಂದ ಸೇರಿಸಿಕೊಳ್ಳುವ ಹೆಡರ್ ಫೈಲುಗಳೂ ಒಳಗೇ ಬಿಚ್ಚಿಕೊಂಡ ಫೈಲ್, ತೆಗೆದೆ. ಹೆಡರ್‌ಗಳೆಲ್ಲ ಒಳಗೆ ಬಂದಿದ್ದರಿಂದ 60 ಸಾವಿರ ಸಾಲು ದಾಟಿತ್ತು. ಇಷ್ಟು ದೊಡ್ಡದನ್ನು ಯಾರಿಗಾದರೂ ಕಳಿಸಿದರೆ ಅವರು ಎಲ್ಲಿಂದ ಶುರುಮಾಡಬೇಕು?

ಚಿಕ್ಕದು ಮಾಡುವುದಕ್ಕೆ ಸಿ-ರೆಡ್ಯೂಸ್ ಹಿಡಿದೆ. ಅದು ಕೋಡನ್ನು ತುಂಡು ತುಂಡಾಗಿ ಕಿತ್ತುಹಾಕುತ್ತಾ, ಪ್ರತಿ ಸಲ ನಾವು ಕೊಟ್ಟ ಸ್ಕ್ರಿಪ್ಟನ್ನು ಓಡಿಸಿ ನೋಡುತ್ತದೆ. ಸ್ಕ್ರಿಪ್ಟ್ ಸೊನ್ನೆ ಕೊಟ್ಟರೆ ಕ್ರ್ಯಾಶ್ ಇನ್ನೂ ಇದೆ, ಕಿತ್ತ ತುಂಡು ಬೇಕಿಲ್ಲ ಅಂತ ಅರ್ಥ. ಮೊದಲ ರಾತ್ರಿ ನನ್ನ ಸ್ಕ್ರಿಪ್ಟ್ 'ಇಂಟರ್ನಲ್ ಕಂಪೈಲರ್ ಎರರ್' ಅನ್ನುವ ಪದಗಳು ಇವೆಯಾ ಅಂತ ಮಾತ್ರ ನೋಡುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ 3 ಸಾಲು ಉಳಿದಿತ್ತು, ಬ್ರಾಕೆಟ್ಟೂ ಮುಚ್ಚಿರಲಿಲ್ಲ, ಕ್ರ್ಯಾಶ್ ಆಗುತ್ತಿದ್ದದ್ದು ಕಂಪೈಲರಿನ ಬೇರೆಯೇ ಫಂಕ್ಷನ್‌ನಲ್ಲಿ. ನಾನು ಹುಡುಕುತ್ತಿದ್ದ ಬಗ್ ದಾರಿಯಲ್ಲೇ ಕಳೆದುಹೋಗಿತ್ತು.

ಎರಡನೇ ಸಲ ಸ್ಕ್ರಿಪ್ಟಿಗೆ ಎರಡು ಷರತ್ತು ಹಾಕಿದೆ. ಬ್ಯಾಕ್‌ಟ್ರೇಸ್‌ನಲ್ಲಿ (ಬಿದ್ದಾಗ ಕಂಪೈಲರಿನ ಯಾವ್ಯಾವ ಫಂಕ್ಷನ್ ಓಡುತ್ತಿತ್ತು ಅನ್ನುವ ಪಟ್ಟಿ) ಮೊದಲಿದ್ದ ಅದೇ ಫಂಕ್ಷನ್ ಹೆಸರು ಇರಬೇಕು, ಜೊತೆಗೆ ಇನ್ನೊಂದು ಕಂಪೈಲರ್ ಆ ಕೋಡನ್ನು ತಕರಾರಿಲ್ಲದೆ ಒಪ್ಪಬೇಕು. ಎರಡನೇ ಷರತ್ತಿನಿಂದ ತುಂಬಾ ಅನುಕೂಲ ಆಯಿತು, ಯಾಕೆಂದರೆ ಸರಿಯಾದ ಕೋಡ್ ಮೇಲೆ ಬೀಳುವ ಬಗ್‌ಗೆ ಜಾಸ್ತಿ ಗಮನ ಸಿಗುತ್ತದೆ. ಸಂಜೆ ಹೊತ್ತಿಗೆ 9 ಸಾಲು ಉಳಿಯಿತು. ಒಂದು ಟೆಂಪ್ಲೇಟ್, ಒಂದು ಲ್ಯಾಂಬ್ಡಾ, ಅದರ ಡೀಫಾಲ್ಟ್ ಆರ್ಗ್ಯುಮೆಂಟ್. ಹೆಸರುಗಳನ್ನು ಓದುವ ಹಾಗೆ ನಾನೇ ತಿದ್ದಿದೆ.

ಆ 9 ಸಾಲನ್ನು, ಬ್ರೌಸರಿನಲ್ಲೇ ಬೇರೆ ಬೇರೆ ಕಂಪೈಲರ್ ಓಡಿಸಿ ನೋಡಬಹುದಾದ ಕಂಪೈಲರ್ ಎಕ್ಸ್‌ಪ್ಲೋರರ್‌ಗೆ ಹಾಕಿ ಹಳೆ ಆವೃತ್ತಿಗಳಲ್ಲಿ ನೋಡಿದೆ. ಎರಡು ಆವೃತ್ತಿ ಹಿಂದೆ ಸರಿಯಾಗಿತ್ತು, ಇನ್ನೂ ಬಿಡುಗಡೆ ಆಗದ ಇವತ್ತಿನ ಟ್ರಂಕ್‌ನಲ್ಲಿ ಇನ್ನೂ ಬೀಳುತ್ತಿದೆ. ಅಂದರೆ ರಿಗ್ರೆಶನ್, ಮೊದಲು ಸರಿಯಿದ್ದದ್ದು ಆಮೇಲೆ ಕೆಟ್ಟಿದೆ. ಆ ಫಂಕ್ಷನ್ ಹೆಸರು ಕೊಟ್ಟು ಹಳೆ ಬಗ್‌ಗಳಲ್ಲಿ ಹುಡುಕಿದೆ, ಇಂಥದ್ದು ಇರಲಿಲ್ಲ.

ರಿಪೋರ್ಟ್ ಬರೆಯುವುದಕ್ಕೆ 10 ನಿಮಿಷ ಸಾಕಾಯಿತು. 9 ಸಾಲಿನ ಕೋಡ್, ಪೂರ್ತಿ ಕಮಾಂಡ್, ಆವೃತ್ತಿ, ಟಾರ್ಗೆಟ್ (ಯಾವ ಥರದ ಯಂತ್ರಕ್ಕೆ ಕೋಡ್ ತಯಾರಾಗುತ್ತಿತ್ತು ಅನ್ನುವುದು), ಬ್ಯಾಕ್‌ಟ್ರೇಸ್, ಯಾವ ಆವೃತ್ತಿವರೆಗೆ ಸರಿಯಿತ್ತು ಅನ್ನುವುದು, ಅಷ್ಟೇ. ಕಾರಣ ಏನಿರಬಹುದು ಅಂತ ಊಹಿಸಿ ಬರೆದಿದ್ದ ಒಂದು ಪ್ಯಾರಾವನ್ನು ಕಳಿಸುವ ಮುಂಚೆ ಅಳಿಸಿದೆ. ಮಾರನೇ ದಿನ ಒಬ್ಬರು ತಮ್ಮಲ್ಲೂ ಹಾಗೇ ಆಯಿತು ಅಂತ ಬರೆದು, ಯಾವ ಕಮಿಟ್‌ನಿಂದ ಶುರುವಾಯಿತು ಅನ್ನುವುದನ್ನೂ ಬೈಸೆಕ್ಟ್ ಮಾಡಿ, ಅಂದರೆ ಕಂಪೈಲರಿನ ಕೋಡಿನಲ್ಲಾದ ಬದಲಾವಣೆಗಳನ್ನು ಅರ್ಧ ಅರ್ಧ ಮಾಡುತ್ತಾ ಹುಡುಕಿ, ಹಾಕಿದರು. ನನಗೆ ನಿಜವಾಗಿಯೂ ಖುಷಿಯಾಯಿತು.

ಸದ್ಯಕ್ಕೆ ಲ್ಯಾಂಬ್ಡಾ ತೆಗೆದು ಅದೇ ಕೆಲಸವನ್ನು ಒಂದು ಸಾಮಾನ್ಯ ಫಂಕ್ಷನ್‌ಗೆ ಕೊಟ್ಟಿದ್ದೇನೆ, ಪಕ್ಕದ ಕಾಮೆಂಟಿನಲ್ಲಿ ಬಗ್ ನಂಬರ್ ಇದೆ. ಬಿಲ್ಡ್ ಆಗುತ್ತಿದೆ. ನಾಳೆಯಿಂದ ನೆರಳು.