ಇವರು ನಿಮಗೆ ಏನಾಗಬೇಕು?

ನಾನು ಪತ್ರ ಬರಹಗಾರ. ಬೆಂಗಳೂರು ದಕ್ಷಿಣದ ಒಂದು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಪಕ್ಕ, ಹತ್ತಡಿ ಮಳಿಗೆಯಲ್ಲಿ 31 ವರ್ಷದಿಂದ ಕೂತಿದ್ದೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಮರಣಶಾಸನ ಬರೆಯುತ್ತೇನೆ. ಮದುವೆ ನೋಂದಣಿಯ ಅರ್ಜಿಯನ್ನೂ ತುಂಬಿಕೊಡುತ್ತೇನೆ. ಈ ಕೆಲಸದಲ್ಲಿ ಎರಡು ಪದಗಳನ್ನು ಲೆಕ್ಕವಿಲ್ಲದಷ್ಟು ಸಲ ಬರೆದಿದ್ದೇನೆ. ಒಂದು ಬಿನ್, ಇನ್ನೊಂದು ಕೋಂ. ರಾಮಣ್ಣ ಬಿನ್ ಮುನಿಯಪ್ಪ ಅಂದರೆ ಮುನಿಯಪ್ಪನ ಮಗ. ಲಕ್ಷ್ಮಮ್ಮ ಕೋಂ ರಾಮಣ್ಣ ಅಂದರೆ ರಾಮಣ್ಣನ ಹೆಂಡತಿ. ಕೋಂ ಅಂತ ಬರೆದ ಮೇಲೆ ಯಾರೂ ಮುಂದೆ ಏನೂ ಕೇಳುವುದಿಲ್ಲ.

2023ರ ಏಪ್ರಿಲ್ ಕೊನೆಯಲ್ಲಿ ಇಬ್ಬರು ಗಂಡಸರು ಬಂದರು. ಸಂಜೆ ಐದೂವರೆ ದಾಟಿತ್ತು, ನಾನು ಕಂಪ್ಯೂಟರ್ ಆರಿಸುತ್ತಿದ್ದೆ. ಒಬ್ಬರಿಗೆ ಅರವತ್ತೆರಡು ಇರಬಹುದು, ಸರ್ಕಾರಿ ನೌಕರಿಯಿಂದ ನಿವೃತ್ತರು. ಇನ್ನೊಬ್ಬರು ನಾಲ್ಕೈದು ವರ್ಷ ಚಿಕ್ಕವರು, ಟೈಲರ್ ಅಂಗಡಿ ಇಟ್ಟುಕೊಂಡವರು. ಹೆಸರು ಬೇಡ. ದೊಡ್ಡವರು, ಚಿಕ್ಕವರು ಅನ್ನುತ್ತೇನೆ. ಹನುಮಂತನಗರದಲ್ಲಿ ದೊಡ್ಡವರ ಹೆಸರಲ್ಲಿ ಒಂದು ಮೂವತ್ತು ನಲವತ್ತು ಸೈಟು, ಅದರಲ್ಲಿ ಮನೆ.

"ನಾವಿಬ್ಬರೂ 26 ವರ್ಷದಿಂದ ಒಟ್ಟಿಗೆ ಇದ್ದೀವಿ" ಅಂದರು ದೊಡ್ಡವರು.

"ಪಾಲುದಾರಿಕೆ ವ್ಯಾಪಾರವಾ ಸಾರ್?" ಅಂತ ಕೇಳಿಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಚಿಕ್ಕವರು ನಕ್ಕರು. ದೊಡ್ಡವರು ನಗಲಿಲ್ಲ. ಗಂಡ ಹೆಂಡತಿ ಬಾಳುವ ಹಾಗೆ ಬಾಳುತ್ತಿದ್ದೀವಿ ಅಂತ ನಿಧಾನವಾಗಿ, ಸುತ್ತು ಬಳಸದೆ ಹೇಳಿದರು. ಸುಳ್ಳು ಯಾಕೆ ಹೇಳಲಿ, ನನಗೆ ಒಂಥರಾ ಆಯಿತು. ಎದ್ದು ಫ್ಯಾನ್ ಜೋರು ಮಾಡಿದೆ. ಆಮೇಲೆ ಕೆಲಸ ಕೆಲಸವೇ ಅಂದುಕೊಂಡು ಹಾಳೆ ತೆಗೆದೆ.

ಅವರು ಮೊದಲು ಕೇಳಿದ್ದು ದಾನಪತ್ರ. ಅರ್ಧ ಮನೆಯನ್ನು ಚಿಕ್ಕವರ ಹೆಸರಿಗೆ ಮಾಡಬೇಕು ಅಂತ. ಲೆಕ್ಕ ಹಾಕಿದೆ. ಕುಟುಂಬದವರಿಗೆ ದಾನ ಕೊಟ್ಟರೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ. ಗಂಡ, ಹೆಂಡತಿ, ಮಕ್ಕಳು, ಸೊಸೆ, ಅಣ್ಣ ತಮ್ಮ, ಅಕ್ಕ ತಂಗಿ, ಮೊಮ್ಮಕ್ಕಳು, ಇವರೆಲ್ಲ ಕುಟುಂಬ. ಹೊರಗಿನವರಾದರೆ ಬೆಲೆಯ ಮೇಲೆ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ಜೊತೆಗೆ ನೋಂದಣಿ ಶುಲ್ಕ, ಆಗ ಶೇ 1 ಇತ್ತು. ಅರ್ಧ ಮನೆಗೆ 60 ಲಕ್ಷ ಅಂತ ಹಿಡಿದರೂ ಹತ್ತಿರ ಹತ್ತಿರ 4 ಲಕ್ಷ ಆಗುತ್ತಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಬಂಧುವಲ್ಲದವರಿಂದ ಬಂದ ಆಸ್ತಿ 50 ಸಾವಿರ ದಾಟಿದರೆ ಪಡೆದವರಿಗೆ ಅದು ಆದಾಯ, ತೆರಿಗೆ ಕಟ್ಟಬೇಕು. ಟೈಲರ್ ಅಂಗಡಿಯವರು 60 ಲಕ್ಷಕ್ಕೆ ತೆರಿಗೆ ಎಲ್ಲಿಂದ ತರಬೇಕು?

"ನನ್ನ ತಮ್ಮನಿಗೆ ಕೊಟ್ಟರೆ?" ಅಂತ ದೊಡ್ಡವರು ಸುಮ್ನೆ ಕೇಳಿದರು.

"ಕೆಲವು ಸಾವಿರದಲ್ಲಿ ಆಗುತ್ತೆ ಸಾರ್."

"ಅವನು ನಮ್ಮ ಮನೆ ಹೊಸಿಲು ತುಳಿದು 20 ವರ್ಷ ಆಯಿತು."

ಏನನ್ನೂ ಬರೆದಿಡದೆ ಹೋದರೆ ಆ ತಮ್ಮನಿಗೇ ಮನೆ. ದೊಡ್ಡವರಿಗೆ ಹೆಂಡತಿ ಮಕ್ಕಳಿಲ್ಲ, ಅಪ್ಪ ಅಮ್ಮ ಹೋಗಿಯಾಯಿತು, ಬೇರೆ ಒಡಹುಟ್ಟಿದವರಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸಾಲು ಹೀಗೇ ಇದೆ. 26 ವರ್ಷ ಆ ಮನೆಯಲ್ಲಿ ಅನ್ನ ಮಾಡಿದವರು ಮರುದಿನ ಬಾಡಿಗೆದಾರರೂ ಅಲ್ಲ.

ಹಾಗಾಗಿ ಮರಣಶಾಸನವೇ ದಾರಿ ಅಂದೆ. ಅದಕ್ಕೆ ಮುದ್ರಾಂಕ ಶುಲ್ಕ ಇಲ್ಲ. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಚಿಕ್ಕವರು ಆಗಲೇ ಬರೆದುಬಿಡೋಣ ಅಂದರು. ದೊಡ್ಡವರು ಬೇಡ ಅಂದರು. ದೆಹಲಿಯಲ್ಲಿ ವಾದ ನಡೆಯುತ್ತಿತ್ತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 18ರಿಂದ ಸಲಿಂಗ ಮದುವೆಯ ಅರ್ಜಿಗಳನ್ನು ಕೇಳುತ್ತಿತ್ತು. ಇವರು ದಿನಾ ಮೊಬೈಲಿನಲ್ಲಿ ನೇರ ಪ್ರಸಾರ ನೋಡುತ್ತಿದ್ದರಂತೆ. "ಅಲ್ಲಿ ಏನಾಗುತ್ತೋ ನೋಡಿಕೊಂಡು ಬರ್ತೀವಿ. ಮದುವೆಗೆ ಒಪ್ಪಿಗೆ ಸಿಕ್ಕಿಬಿಟ್ಟರೆ ಈ ಪತ್ರವೇ ಬೇಕಾಗಲ್ಲ ಅಲ್ವಾ?" ಅಂದರು.

ಅವರು ಹೋದ ಮೇಲೆ ಎದುರು ಮಳಿಗೆಯ ಗೆಳೆಯನ ಜೊತೆ ಬೈಟು ಕಾಫಿ ಕುಡಿಯುತ್ತಾ ನಾನೇ ವಾದ ಮಾಡಿದ್ದು ನೆನಪಿದೆ. ಮದುವೆ ಯಾಕೆ ಬೇಕಂತೆ, ಎಲ್ಲದಕ್ಕೂ ಒಂದೊಂದು ಪತ್ರ ಇದೆ, ನಾವು ಬರೆದುಕೊಡಲ್ವಾ ಅಂತ. ಗೆಳೆಯ ಇನ್ನೂ ಮುಂದೆ ಹೋದ. ಮದುವೆ ಇರುವುದೇ ಮಕ್ಕಳಿಗೋಸ್ಕರ ಅಂದ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಹಿಂದಿನ ವಾರವಷ್ಟೇ ಅವನೇ ಇಬ್ಬರು ಅರವತ್ತು ದಾಟಿದವರ ಮದುವೆ ಅರ್ಜಿ ತುಂಬಿದ್ದ. ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸು, ಮೂವರು ಸಾಕ್ಷಿ. ಮಕ್ಕಳಾಗುತ್ತಾ ಅಂತ ಯಾವ ಕಾಲಂನಲ್ಲೂ ಕೇಳಿಲ್ಲ.

ಅಕ್ಟೋಬರ್ 17ರಂದು ತೀರ್ಪು ಬಂತು. ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದು ಐವರೂ ಹೇಳಿದರು. 1954ರ ವಿಶೇಷ ವಿವಾಹ ಕಾಯ್ದೆಯನ್ನು ತಿದ್ದುವುದು ನಮ್ಮ ಕೆಲಸವಲ್ಲ, ಅದು ಶಾಸನ ಸಭೆಗಳದ್ದು ಅಂದರು. ಮದುವೆ ಅಲ್ಲದಿದ್ದರೂ ಇಂಥ ಜೋಡಿಗಳ ಕೂಡುಬಾಳನ್ನು ಸರ್ಕಾರ ಗುರುತಿಸಬೇಕು ಅಂದವರು ಇಬ್ಬರು, ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಸಂಜಯ್ ಕಿಶನ್ ಕೌಲ್. ಉಳಿದ ಮೂವರು ಒಪ್ಪಲಿಲ್ಲ. ಸಂಪುಟ ಕಾರ್ಯದರ್ಶಿಯ ಸಮಿತಿ ಇವರ ತೊಂದರೆಗಳನ್ನು ನೋಡುತ್ತದೆ ಎಂದಾಯಿತು. ಕಾನೂನು ಮಾಡುವುದು ಪಾರ್ಲಿಮೆಂಟು ಅನ್ನುವ ಮಾತು ನನಗೆ ತಪ್ಪು ಅನ್ನಿಸಲಿಲ್ಲ. ಆದರೆ ಪಾರ್ಲಿಮೆಂಟಿಗೆ ಇದಕ್ಕೆ ಅವಸರ ಇದೆ ಅಂತಲೂ ಅನ್ನಿಸಲಿಲ್ಲ.

ಮರುದಿನ ಬೆಳಗ್ಗೆ ದೊಡ್ಡವರ ಫೋನು. "ಬರೀರಿ" ಅಂದರು, ಅಷ್ಟೇ.

ಅಕ್ಟೋಬರ್ 20, ಶುಕ್ರವಾರಕ್ಕೆ ಸ್ಲಾಟ್ ಸಿಕ್ಕಿತು. ನವರಾತ್ರಿ ನಡೆಯುತ್ತಿತ್ತು. ಆಯುಧಪೂಜೆಗೆ ಅಂತ ಹುಡುಗ ಮಳಿಗೆಯ ಧೂಳು ಹೊಡೆಯುತ್ತಿದ್ದ. ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಪಾಕಿಸ್ತಾನ ವಿಶ್ವಕಪ್ ಪಂದ್ಯ ಬೇರೆ. ಇಬ್ಬರೂ ಹತ್ತಕ್ಕೇ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಒಂದೇ ಥಾನಿನ ಬಟ್ಟೆ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಎದುರು ಮನೆಯ ಅಮ್ಮನವರನ್ನು ಸಾಕ್ಷಿಗೆ ಕರೆತಂದಿದ್ದರು. ಎಪ್ಪತ್ತರ ಮೇಲಿನವರು, ಕೈಯಲ್ಲಿ ವೈರ್ ಬುಟ್ಟಿ. ಇನ್ನೊಬ್ಬ ಸಾಕ್ಷಿ ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರ್. ಆತ ಶಿವಾಜಿನಗರದಿಂದ ಬರಬೇಕಿತ್ತು.

ದಾನಪತ್ರದ ಆಸೆ ಇನ್ನೂ ಇತ್ತೋ ಏನೋ, ಚಿಕ್ಕವರು ಮತ್ತೊಮ್ಮೆ ವಿಚಾರಿಸಿದರು. ಅಕ್ಟೋಬರ್ 1ರಿಂದ ಮಾರ್ಗಸೂಚಿ ಬೆಲೆ, ಅಂದರೆ ಶುಲ್ಕದ ಲೆಕ್ಕಕ್ಕೆ ಸರ್ಕಾರ ಗೊತ್ತುಮಾಡುವ ಬೆಲೆ, ಏರಿತ್ತು. ಏಪ್ರಿಲ್‌ಗಿಂತ ಈಗ ಇನ್ನೂ ಜಾಸ್ತಿ ಆಗುತ್ತದೆ ಅಂದೆ. "ಆರು ತಿಂಗಳು ಕೋರ್ಟಿಗೆ ಕಾದದ್ದಕ್ಕೆ ದಂಡ" ಅಂದರು.

ಬೇರೆ ಏನೇನು ಬೇಕು ಅಂತ ಪಟ್ಟಿ ಶುರುಮಾಡಿದೆವು. ಬ್ಯಾಂಕಿಗೆ ನಾಮಿನಿ. ನಾಮಿನಿ ಅಂದರೆ ದುಡ್ಡು ಪಡೆದುಕೊಳ್ಳುವವನು, ವಾರಸುದಾರ ಅಲ್ಲ, ಹಾಗಾಗಿ ಮರಣಶಾಸನದಲ್ಲೂ ಖಾತೆ ನಂಬರು ಬರಬೇಕು. ಓಡಾಟಕ್ಕೆ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹಾರ ಮಾಡಲು ಬರೆದುಕೊಡುವ ಅಧಿಕಾರ ಪತ್ರ. ಬರೆದುಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಅದೂ ಸತ್ತಂತೆ. ತುಂಬಾ ಜನಕ್ಕೆ ಇದು ಗೊತ್ತಿಲ್ಲ, ಜಿಪಿಎ ಇದ್ದರೆ ಮನೆ ತಮ್ಮದೇ ಅಂದುಕೊಂಡಿರುತ್ತಾರೆ. ಆಸ್ಪತ್ರೆಗೆ, ವೆಂಟಿಲೇಟರ್ ಹಾಕಬೇಕೋ ಬೇಡವೋ ಅನ್ನುವುದಕ್ಕೆ, ನೋಟರಿ ಮುಂದೆ ಇನ್ನೊಂದು ಪತ್ರ. ಇದೆಲ್ಲ ದೊಡ್ಡವರದ್ದು. ಚಿಕ್ಕವರಿಗೆ ಅಂಗಡಿ, ಮುಂಗಡ, ಚಿಕ್ಕಬಳ್ಳಾಪುರದ ಕಡೆ ಒಂದು ಸೈಟು. ಅವರದ್ದೂ ಹೀಗೇ ಒಂದು ಕಟ್ಟು.

ಆಗ ದೊಡ್ಡವರು ಕೇಳಿದರು. "ನನ್ನ ಪಿಂಚಣಿ?"

ಅವರ ತಲೆಯಲ್ಲಿ ಇದ್ದದ್ದು ಕುಟುಂಬ ಪಿಂಚಣಿ. ನೌಕರ ಹೋದ ಮೇಲೆ ಹೆಂಡತಿಗೆ ಬರುತ್ತದಲ್ಲ, ಅದು. ಚಿಕ್ಕವರಿಗೆ ಕಣ್ಣು ಮಂಜಾಗುತ್ತಾ ಬಂದಿದೆ, ಸೂಜಿಗೆ ದಾರ ಹಾಕುವುದಕ್ಕೂ ಹುಡುಗನನ್ನು ಕರೆಯುತ್ತಾರೆ. ಎಷ್ಟು ದಿನ ಹೊಲಿಯಲು ಆಗುತ್ತದೆ?

ನನ್ನ ಹತ್ತಿರ ಎಲ್ಲದಕ್ಕೂ ಒಂದು ನಮೂನೆ ಇರುತ್ತದೆ. ಕಂಪ್ಯೂಟರಿನಲ್ಲಿ ನೂರಾರು ಫೈಲು. ಇದಕ್ಕೆ ಇಲ್ಲ. ಎಷ್ಟು ಸಾಕ್ಷಿ ಹಾಕಿಸಿದರೂ, ಎಷ್ಟು ಮುದ್ರೆ ಒತ್ತಿಸಿದರೂ ಕುಟುಂಬ ಪಿಂಚಣಿಯನ್ನು ಸ್ನೇಹಿತನಿಗೆ ಬರೆದುಕೊಡಲು ಬರುವುದಿಲ್ಲ. ಜೊತೆಗೆ ಬಾಳಿದವರಿಗೆ ಅದು ಕೋಂ ಅನ್ನುವ ಪದದ ಹಿಂದೆ ಮಾತ್ರ ಬರುತ್ತದೆ. ಮೂವತ್ತು ವರ್ಷದ ಮದುವೆ ಇರಲಿ, ಮೂರು ತಿಂಗಳದ್ದಿರಲಿ. ಬೈಟು ಕಾಫಿಯ ನನ್ನ ವಾದ ಅಲ್ಲೇ ಬಿದ್ದುಹೋಯಿತು. ಗೆಳೆಯನ ಮುಂದೆ ಒಪ್ಪಿಕೊಳ್ಳಲು ಇನ್ನೊಂದು ವಾರ ಹಿಡಿಯಿತು ಅನ್ನುವುದು ಬೇರೆ ಮಾತು.

"ಅದಕ್ಕೆ ಪತ್ರ ಇಲ್ಲ ಸಾರ್" ಅಂದೆ.

ಚಿಕ್ಕವರು, "ರೀ, ಅದೆಲ್ಲ ಈಗ ಯಾಕೆ? ಕನ್ನಡಕ ಹಾಕ್ಕೊಂಡು ಇದನ್ನ ಓದಿ" ಅಂದರು.

ಓದಿದರು. "ಸನ್ ಎರಡು ಸಾವಿರದ ಇಪ್ಪತ್ತಮೂರನೇ ಇಸವಿ ಅಕ್ಟೋಬರ್ ಮಾಹೆ ಇಪ್ಪತ್ತನೇ ತಾರೀಖಿನಲ್ಲಿ... ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ ಬರೆಸಿಟ್ಟ ಮರಣಶಾಸನದ ಕ್ರಮವೇನೆಂದರೆ..." ಅಲ್ಲಿಂದ ಮುಂದೆ ನಾನು ಖಾಲಿ ಬಿಟ್ಟಿದ್ದೆ. ಸಾಮಾನ್ಯವಾಗಿ ಆ ಜಾಗದಲ್ಲಿ "ನನ್ನ ಧರ್ಮಪತ್ನಿಯಾದ" ಅಂತಲೋ "ನನ್ನ ಹಿರಿಯ ಮಗನಾದ" ಅಂತಲೋ ಬರುತ್ತದೆ.

ಸ್ನೇಹಿತ ಅಂತ ಬರೆಯಲಾ ಅಂದೆ. ದೊಡ್ಡವರ ಮುಖ ಬಿಗಿಯಿತು. ಸಂಗಾತಿ ಅಂತ ಬರೆದರೆ ತಮ್ಮನ ಮಕ್ಕಳು ನಾಳೆ ಕೋರ್ಟಿನಲ್ಲಿ ಆ ಒಂದು ಪದವನ್ನೇ ಹಿಡಿದು ಜಗ್ಗಾಡುತ್ತಾರೆ, ಮರುಳು ಮಾಡಿ ಬರೆಸಿಕೊಂಡ ಅಂತಾರೆ. ಅದನ್ನೂ ಹೇಳಿದೆ. ಸಾಕುಮಗ ಅನ್ನುವ ವಯಸ್ಸಲ್ಲ. ನೋಡಿಕೊಳ್ಳುವವರು ಅಂದರೆ ಆಳಿನ ಹಾಗೆ ಕೇಳಿಸುತ್ತದೆ. ಹತ್ತು ನಿಮಿಷ ಹೀಗೇ ಹೋಯಿತು.

ಬುಟ್ಟಿಯಿಂದ ಬಾಟಲಿ ತೆಗೆದು ನೀರು ಕುಡಿಯುತ್ತಿದ್ದ ಎದುರು ಮನೆಯ ಅಮ್ಮ ಬಾಯಿ ಹಾಕಿದರು. "ಇಷ್ಟು ಯೋಚನೆ ಮಾಡೋದೇನಿದೆ? ಮನೆಯವರು ಅಂತ ಬರೀರಿ. ನನ್ನ ಮಗಳ ಮದುವೆ ಕರೆಯೋಲೆ ಕೊಟ್ಟಾಗ ಒಂದೇ ಕವರಿನ ಮೇಲೆ ಇಬ್ಬರ ಹೆಸರೂ ಹಾಕಿದ್ದೆ. ಎರಡು ಕವರ್ ಕೊಡ್ತಾರಾ ಯಾರಾದ್ರೂ?"

ಮನೆಯವರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳದೆ ಬಳಸುವ ಪದ. ಗಂಡನೂ ಹೆಂಡತಿಯನ್ನು ಹಾಗೇ ಅನ್ನುತ್ತಾನೆ. ಒಂದೇ ಮನೆಯಲ್ಲಿ ಇರುವವರೆಲ್ಲರನ್ನೂ ಹಾಗೇ ಅನ್ನಬಹುದು. ಯಾವ ವಕೀಲ ಏನಂತ ಜಗ್ಗಿಯಾನು? ಬರೆದೆ. "ಸದರಿ ವಿಳಾಸದಲ್ಲಿ 26 ವರ್ಷಗಳಿಂದ ನನ್ನೊಂದಿಗೆ ವಾಸವಿದ್ದು, ನನ್ನ ಕಷ್ಟಸುಖಗಳಲ್ಲಿ ಭಾಗಿಯಾಗಿರುವ ನನ್ನ ಮನೆಯವರಾದ..." ಚಿಕ್ಕವರು ಆ ಸಾಲನ್ನು ಎರಡು ಸಲ ಓದಿ, ಅಂಗಿ ತೋಳಿನಲ್ಲಿ ಮೂಗು ಒರೆಸಿಕೊಂಡರು. ನಾನು ಚೆಕ್ಕುಬಂದಿ ಸರಿನೋಡುವವನ ಹಾಗೆ ಪರದೆ ಕಡೆ ತಿರುಗಿದೆ.

ಕಟಿಂಗ್ ಮಾಸ್ಟರ್ ಪಂದ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಒಂದು ಗಂಟೆ ತಡವಾಗಿ ಬಂದ. ಸ್ಲಾಟ್ ತಪ್ಪಿತು. ನಾನೇ ಒಳಗೆ ಹೋಗಿ ಹೇಳಿ ಊಟದ ನಂತರಕ್ಕೆ ಹಾಕಿಸಿದೆ. ವರಾಂಡದಲ್ಲಿ ಒಂದು ಮದುವೆ ಗುಂಪು ಹಾರ ಹಿಡಿದು ನಿಂತಿತ್ತು. ಬೋರ್ಡಿನಲ್ಲಿ ಅಂಟಿಸಿದ್ದ ಮದುವೆ ನೋಟಿಸುಗಳನ್ನು ದೊಡ್ಡವರು ಒಂದೊಂದಾಗಿ ಓದುತ್ತಾ ನಿಂತರು. ಹುಡುಗಿಯ ತಾಯಿ ಎಲ್ಲರಿಗೂ ಹಂಚುತ್ತಾ ಇವರಿಬ್ಬರಿಗೂ ಒಂದೊಂದು ಪೇಡಾ ಕೊಟ್ಟರು.

ಒಳಗೆ ಅಧಿಕಾರಿ ಪತ್ರ ತಿರುವಿ ಹಾಕಿದರು. ಸ್ವಂತ ಇಚ್ಛೆಯಿಂದ ಬರೆಸಿದ್ದೀರಾ ಅಂತ ಕೇಳಿದರು. ಹೌದು ಅಂದರು. ಆಮೇಲೆ ಚಿಕ್ಕವರ ಕಡೆ ಪೆನ್ನು ತೋರಿಸಿ, "ಇವರು ನಿಮಗೆ ಏನಾಗಬೇಕು?"

"ಬರೆದಿದೆಯಲ್ಲ ಸಾರ್. ಮನೆಯವರು."

ಅಧಿಕಾರಿ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿದರು. ನನ್ನನ್ನೂ ನೋಡಿದರು. "ಫೋಟೋಗೆ ಕ್ಯಾಮೆರಾ ಕಡೆ ನೋಡಿ" ಅಂದರು.

ಆಮೇಲೆ ಕೆಲವು ಬದಲಾವಣೆಗಳು ಬಂದವು. 2024ರ ಆಗಸ್ಟಿನಲ್ಲಿ ಕೇಂದ್ರದ ಹಣಕಾಸು ಸಚಿವಾಲಯ, ಇಂಥ ಜೋಡಿಗಳು ಜಂಟಿ ಖಾತೆ ತೆರೆಯಲು, ಪರಸ್ಪರ ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು. ಮೊದಲೂ ಅಡ್ಡಿ ಇರಲಿಲ್ಲ, ಕೌಂಟರಿನಲ್ಲಿ ಕೂತವರು ಮುಖ ನೋಡುತ್ತಿದ್ದರು, ಅಷ್ಟೇ. 2025ರ ಜನವರಿಯಲ್ಲಿ ತೀರ್ಪಿನ ಮರುಪರಿಶೀಲನೆ ಅರ್ಜಿಗಳು ವಜಾ ಆದವು. ಅದೇ ತಿಂಗಳು ಥಾಯ್ಲೆಂಡಿನಲ್ಲಿ ಸಲಿಂಗ ಮದುವೆ ಕಾನೂನು ಜಾರಿಗೆ ಬಂತು. ಈ ಎರಡನೇ ಸುದ್ದಿಯನ್ನು ನನಗೆ ಫೋನ್ ಮಾಡಿ ಹೇಳಿದ್ದು ದೊಡ್ಡವರೇ.

ಅವರು ವರ್ಷಕ್ಕೆ ಎರಡು ಸಲವಾದರೂ ಫೋನ್ ಮಾಡುತ್ತಾರೆ. ಯುಗಾದಿಗೆ ಒಂದು, ದಸರಾಕ್ಕೆ ಒಂದು. ಆರೋಗ್ಯ, ಮಳೆ, ಮೆಟ್ರೋ ಎಲ್ಲ ಮಾತಾಡಿ ಕೊನೆಗೆ ದನಿ ಇಳಿಸಿ ಕೇಳುತ್ತಾರೆ, ಪಕ್ಕದ ಕೋಣೆಯಲ್ಲಿ ಮಿಷನ್ ತುಳಿಯುವ ಸದ್ದು ಕೇಳಿಸುತ್ತಿರುತ್ತದೆ.

"ಆ ಪಿಂಚಣಿಗೆ ಏನಾದ್ರೂ ಪತ್ರ ಬಂತಾ?"

"ಇನ್ನೂ ಇಲ್ಲ ಸಾರ್" ಅನ್ನುತ್ತೇನೆ.